ಟ್ಯೂಬಿನ ಕುಲಗೋತ್ರ ಕೇಳುತ್ತಿದ್ದ ಡಾಕ್ಟ್ರಮ್ಮ

ವಿಜಯನಗರದಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ನಮ್ಮ ಚರ್ಮದ ಡಾಕ್ಟ್ರಮ್ಮ ಹೋದ ತಿಂಗಳು ಬೋರ್ಡು ಇಳಿಸಿದರು. ಮಂಡಿ ನೋವು, ಮೆಟ್ಟಿಲು ಹತ್ತಲಾಗುವುದಿಲ್ಲ ಎಂಬುದು ಕಾರಣ. ನಿಮ್ಮ ಬಗ್ಗೆ ನಾಲ್ಕು ಮಾತು ಬರೆಯಲೇ ಎಂದು ಫೋನಿನಲ್ಲಿ ಕೇಳಿದೆ.

"ಬರ್ಕೋ. ಆದ್ರೆ ಸತ್ತೋದವರ ಬಗ್ಗೆ ಬರೆದ ಹಾಗೆ ಬರೀಬೇಡ ಕಣೇ. ನಾನಿನ್ನೂ ಬೆಳಗ್ಗೆ ವಾಕಿಂಗ್ ಹೋಗ್ತೀನಿ, ಸಂಜೆ ಸೊಪ್ಪಿನವಳ ಹತ್ರ ಜಗಳ ಆಡ್ತೀನಿ. ಹೆಸರೂ ಹಾಕಬೇಡ. ಹಾಕಿದ್ರೆ ಮೊಡವೆ ತೋರಿಸ್ಕೊಂಡು ಮನೆ ಬಾಗಿಲಿಗೇ ಬರ್ತಾರೆ."

ಹಾಗಾಗಿ ಹೆಸರಿಲ್ಲ.

ಕುಳ್ಳಗೆ, ಗುಂಡಗೆ ಇದ್ದಾರೆ. ಗಂಜಿ ಹಾಕಿದ ಕಾಟನ್ ಸೀರೆ, ಅದರ ಕೆಳಗೆ ಸ್ಪೋರ್ಟ್ಸ್ ಶೂ, ಹಣೆಯ ಮೇಲೆ ಗೆರೆ ಎಳೆದ ಹಾಗೆ ವಿಭೂತಿ. ಹುಟ್ಟಿದ್ದು ದಾವಣಗೆರೆ ಕಡೆ. ಬೆಂಗಳೂರಿಗೆ ಬಂದು ಅರ್ಧ ಆಯಸ್ಸು ಕಳೆದಿದ್ದರಿಂದ ಮಾತೆಲ್ಲ ನಮ್ಮ ಥರವೇ ಆಗಿತ್ತು. ಸಿಟ್ಟು ಬಂದಾಗ ಮಾತ್ರ ಊರಿನ 'ರೀ' ಎದ್ದು ಬರುತ್ತಿತ್ತು. ಒಳಗಿಂದ "ಏನಮ್ಮ ಇದು" ಎಂದು ಕೇಳಿಸಿದರೆ ಹೊರಗೆ ಕೂತವರು ನಿಶ್ಚಿಂತೆಯಿಂದ ಪೇಪರ್ ತಿರುವುತ್ತಿದ್ದರು. "ಏನ್ರೀ ಇದು!" ಎಂದು ಕೇಳಿಸಿತೋ, ಎಲ್ಲರೂ ತಂತಮ್ಮ ಚೀಲದೊಳಗೆ ಇಣುಕಿ ನೋಡಿಕೊಳ್ಳುತ್ತಿದ್ದರು.

ಚೀಲ ಆ ಕ್ಲಿನಿಕ್ಕಿನ ಕಾನೂನು. ಮುಖಕ್ಕೆ, ಮೈಗೆ, ತಲೆಗೆ ಹಚ್ಚುತ್ತಿರುವುದನ್ನೆಲ್ಲ ಒಂದು ಚೀಲಕ್ಕೆ ತುಂಬಿ ತರಬೇಕು. ಬರಿಗೈಲಿ ಬಂದವರನ್ನು ಬಾಗಿಲಿಂದಲೇ ವಾಪಸ್ ಕಳಿಸುತ್ತಿದ್ದರು. ತಂದ ಮೇಲೆ ಅದನ್ನೆಲ್ಲ ಮೇಜಿನ ಮೇಲೆ ಸುರಿದು, ಹುಡುಗಿ ನೋಡಲು ಬಂದ ಗಂಡಿನ ಕಡೆಯವರ ಹಾಗೆ ಒಂದೊಂದರ ಕುಲಗೋತ್ರ ವಿಚಾರಿಸುತ್ತಿದ್ದರು.

"ಇದು ಯಾರ ಕಡೆಯಿಂದ ಬಂತು?"

"ನಮ್ಮ ನಾದಿನಿ ಕೊಟ್ಳು ಮೇಡಂ."

"ನಾದಿನಿಗೆ?"

"ಅವರ ಆಫೀಸಲ್ಲಿ ಯಾರೋ ಹೇಳಿದ್ರಂತೆ."

"ಆ ಯಾರೋಗೆ?"

ಅಲ್ಲಿಗೆ ಸಾಮಾನ್ಯವಾಗಿ ವಂಶ ನಿಂತುಹೋಗುತ್ತಿತ್ತು. "ನೋಡಿ, ಬಾಡಿಗೆಗೆ ಮನೆ ಕೊಡೋವಾಗ ಊರು ಯಾವ್ದು, ಕೆಲಸ ಏನು ಅಂತ ಕೇಳ್ತೀರ. ಮುಖದ ಮೇಲೆ ಬಂದು ಕೂರೋದನ್ನ ಕೇಳೋದು ಬೇಡ್ವಾ?" ಎನ್ನುತ್ತಿದ್ದರು.

ಇನ್ನೊಂದು ಅಭ್ಯಾಸ ಹೇಳಬೇಕು. ಪ್ರತಿ ಪೇಷೆಂಟ್ ಆದಮೇಲೂ ಕೈ ತೊಳೆಯುತ್ತಿದ್ದರಲ್ಲ, ತೊಳೆದ ಕೈ ತಣ್ಣಗಿರುತ್ತದೆ. ಅದಕ್ಕೇ ಮೇಜಿನ ಮೇಲೆ ಬಿಸಿನೀರು ತುಂಬಿದ ಒಂದು ಸ್ಟೀಲ್ ಲೋಟ ಇರುತ್ತಿತ್ತು. ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡೇ ಇನ್ನೊಬ್ಬರ ಮುಖ ಮುಟ್ಟುತ್ತಿದ್ದರು. ತೊನ್ನು ಬಂದ ಒಬ್ಬ ಅಂಗಡಿಯವರು ಬರುತ್ತಿದ್ದರು, ಕೈಯನ್ನು ಸದಾ ಜೇಬಿನಲ್ಲೇ ಇಟ್ಟುಕೊಂಡಿರುವ ಮನುಷ್ಯ. ಡಾಕ್ಟ್ರಮ್ಮ ಆ ಕೈಯನ್ನು ಹೊರಗೆ ಎಳೆದು, ತಮ್ಮ ಕೈಯೊಳಗೆ ಇಟ್ಟುಕೊಂಡು, ಈ ಸಲ ಅವರೆಕಾಯಿ ಸೊಗಡೇ ಇಲ್ಲ ಎಂದು ಬಹಳ ಹೊತ್ತು ಮಾತಾಡುತ್ತಿದ್ದರು. ಔಷಧಿಯ ಮಾತು ಕೊನೆಗೆ. ಹೋಗುವಾಗ ಆತ ಕೈ ಬೀಸಿಕೊಂಡೇ ಮೆಟ್ಟಿಲು ಇಳಿಯುವುದನ್ನು ನಾನು ನೋಡಿದ್ದೇನೆ.

ತಲೆಕೂದಲಿನ ಗಿರಾಕಿಗಳದ್ದು ಬೇರೆಯೇ ಲೋಕ. ಒಮ್ಮೆ ಒಬ್ಬ ಯುವಕ ತಲೆಗೆ ಈರುಳ್ಳಿ ರಸ ಹಚ್ಚಿಕೊಂಡು ನೇರವಾಗಿ ಕ್ಲಿನಿಕ್ಕಿಗೇ ಬಂದಿದ್ದ. ಕಾಯುವ ಕೋಣೆಯಲ್ಲಿ ಅವನ ಸುತ್ತ ನಾಲ್ಕು ಕುರ್ಚಿ ಖಾಲಿ. ಡಾಕ್ಟ್ರಮ್ಮ ಬಾಗಿಲಿಗೆ ಬಂದು ಮೂಗು ಅರಳಿಸಿ, "ಯಾರಪ್ಪ ಇಲ್ಲಿ ಪಕೋಡ ಹಾಕ್ತಿರೋದು?" ಎಂದರು.

ಇನ್ನೊಬ್ಬನಿಗೆ ತಲೆಗೆ ಹಾಕುವ ಲೋಷನ್ ಬರೆದುಕೊಟ್ಟಿದ್ದರು. ಕೆಲವೇ ವಾರಕ್ಕೆ ಅವನು ಬಾಚಣಿಗೆಯನ್ನೇ ಹಿಡಿದುಕೊಂಡು ಓಡಿ ಬಂದ.

"ಮೇಡಂ, ಇದ್ದಿದ್ದೂ ಹೋಗ್ತಾ ಇದೆ!"

"ಮೊದಲೇ ಹೇಳಿದ್ನಲ್ಲಪ್ಪ. ಹಳೇ ಬಾಡಿಗೆಯವರು ಖಾಲಿ ಮಾಡ್ತಿದ್ದಾರೆ. ಖಾಲಿ ಮಾಡದೆ ಹೊಸಬರು ಎಲ್ಲಿಗೆ ಬರ್ತಾರೆ? ಬಿಡದೆ ಹಾಕು, ಕೆಲವು ತಿಂಗಳು ಬಿಟ್ಟು ಬಾ."

"ಬಂದೇ ಬರ್ತಾರಾ ಮೇಡಂ, ಹೊಸಬರು?"

"ಬಹಳ ಜನಕ್ಕೆ ಬರ್ತಾರೆ. ನಿನಗೆ ಬರ್ತಾರೆ ಅಂತ ಬಾಂಡ್ ಪೇಪರ್ ಮೇಲೆ ಬರ್ಕೊಡಲ್ಲ. ಬರ್ಕೊಡ್ತೀನಿ ಅನ್ನೋರ ಹತ್ರ ಹೋಗಬೇಡ."

ಅಪ್ಪ ಮಗ ಜೊತೆಯಾಗಿ ಬಂದದ್ದು ನನಗೆ ತುಂಬ ಇಷ್ಟ. ಮಗನಿಗೆ ಹಣೆ ಹಿಂದೆ ಹಿಂದೆ ಹೋಗುತ್ತಿದೆ ಎಂಬ ದುಃಖ, ಯಾವ ಶಾಂಪೂ ತಪ್ಪಾಯಿತೋ ಎಂಬ ಚಿಂತೆ. ಡಾಕ್ಟ್ರಮ್ಮ ಅಪ್ಪನಿಗೆ ಮಂಕಿಕ್ಯಾಪ್ ತೆಗೆಯಲು ಹೇಳಿದರು. ಒಳಗೆ ಫಳಫಳ. "ಶಾಂಪೂ ಪಾಪ ಏನು ಮಾಡೀತು? ಅಪ್ಪ ಕೆಂಗೇರಿ ಸೈಟ್ ಕೊಟ್ರೆ ತಗೋತೀಯ, ತಲೆ ಕೊಟ್ರೆ ಬೇಡ್ವಾ? ಇರೋದನ್ನ ಉಳಿಸ್ಕೊಳ್ಳೋಕೆ ದಾರಿ ಇದೆ, ಕೂತ್ಕೋ." ಅಪ್ಪ ಮಗನಿಗಿಂತ ಜೋರಾಗಿ ನಕ್ಕಿದ್ದರು.

ಇದನ್ನೆಲ್ಲ ನಾನು ಹೇಗೆ ನೋಡಿದೆ ಎಂದರೆ, ಆ ಕಾಯುವ ಕೋಣೆಯಲ್ಲಿ, ಸದಾ ಅರ್ಧ ತೆರೆದೇ ಇರುತ್ತಿದ್ದ ಬಾಗಿಲಿನ ಎದುರಿಗೆ, ಕೂರುವ ಯೋಗ ನನಗೆ ವರ್ಷದ ಮೇಲೆ ಇತ್ತು. ನನ್ನ ಕಥೆ ಹೇಳದೆ ಅವರ ಕಥೆ ಪೂರ್ತಿಯಾಗುವುದಿಲ್ಲ.

ನಮ್ಮದು ಸುಂಕದಕಟ್ಟೆಯಲ್ಲಿ ಒಂದು ವಠಾರ. ಅಪ್ಪ ಮಾಗಡಿ ರೋಡಿನ ವೆಲ್ಡಿಂಗ್ ಶಾಪಿನಲ್ಲಿ, ಅಮ್ಮ ಗಾರ್ಮೆಂಟ್ಸಿನಲ್ಲಿ. ಎರಡೂ ಕಡೆಯ ಬಳಗ ಜಾಲಾಡಿದರೂ ಪದವಿ ಓದಿದವರು ಒಬ್ಬರೂ ಇರಲಿಲ್ಲ. ನಾನು ಬಿ.ಕಾಂ. ಸೇರಿದ ದಿನ ಅಪ್ಪ ಕೆಲಸದಿಂದ ಬರುವಾಗ ಒಂದು ದೊಡ್ಡ ಮೊಳೆ ತಂದು, ಬಾಗಿಲಿಗೆ ಎದುರಾದ ಗೋಡೆಯ ನಡುಮಧ್ಯಕ್ಕೆ ಹೊಡೆದರು. "ಗೌನು ಹಾಕ್ಕೊಂಡು, ಟೋಪಿ ಇಟ್ಕೊಂಡು ತೆಗೆಸ್ಕೊಂಡ ಫೋಟೋ ಇಲ್ಲಿಗೆ ಬರ್ಬೇಕು," ಎಂದರು. ಮೂರು ವರ್ಷ ಆ ಮೊಳೆ ಖಾಲಿ ಇತ್ತು. ಅಮ್ಮ ಒಮ್ಮೆ ಕ್ಯಾಲೆಂಡರ್ ನೇತುಹಾಕಿದ್ದಕ್ಕೆ ದೊಡ್ಡ ರಾಮಾಯಣವೇ ಆಗಿತ್ತು. ಮನೆಗೆ ಬಂದವರೆಲ್ಲ ಬರಿ ಮೊಳೆ ನೋಡಿ ಯಾಕೆ ಎಂದು ಕೇಳಬೇಕು, ಅಪ್ಪ ಹೇಳಬೇಕು. ಅದೊಂದು ಸುಖ ಅವರಿಗೆ.

ಪರೀಕ್ಷೆ ಮುಗಿಯಿತು, ಫಸ್ಟ್ ಕ್ಲಾಸ್ ಬಂತು. ಕಾಲೇಜಿನಲ್ಲಿ ಪದವಿ ಪ್ರದಾನದ ದಿನವೂ ಗೊತ್ತಾಯಿತು. ಆ ಹೊತ್ತಿಗೆ ನನ್ನ ಮುಖ ಕೈಕೊಟ್ಟಿತ್ತು. ಬಿಸಿಲಿಗೆ ಕಾಲಿಟ್ಟರೆ ಕೆನ್ನೆ ಬೆಂಕಿ. ಗಲ್ಲದ ತುಂಬ ಗುಳ್ಳೆ. ಮೀಸೆಯ ಜಾಗದಲ್ಲಿ ಸಣ್ಣ ಕೂದಲು. ಅಮ್ಮ ಫ್ಯಾಕ್ಟರಿಗೆ ರಜೆ ಹಾಕಿ ನನ್ನನ್ನು ಹೊರಡಿಸಿದಳು. ಗಾಡಿ ಇಲ್ಲದಿದ್ದರೂ ಗಾಡಿ ಓಡಿಸುವ ಹುಡುಗಿಯರ ಹಾಗೆ ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಬಸ್ಸು ಹತ್ತಿದೆ.

"ಅದನ್ನ ಬಿಚ್ಚು ಮೊದ್ಲು," ಎಂದರು ಡಾಕ್ಟ್ರಮ್ಮ. "ಮುಖ ತೋರಿಸೋಕೆ ಬಂದಿರೋದು ತಾನೆ, ಬ್ಯಾಂಕ್ ದರೋಡೆಗಲ್ಲವಲ್ಲ?"

ಬಿಚ್ಚಿದೆ. ಲೋಟ ಹಿಡಿದು ಕೈ ಬೆಚ್ಚಗೆ ಮಾಡಿಕೊಂಡು, ಕೆನ್ನೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿದರು. "ಎಷ್ಟು ದಿನದಿಂದ ಹಚ್ತಾ ಇದೀಯ?"

"ಏನನ್ನ ಮೇಡಂ?"

"ಬೆಳ್ಳಗೆ ಮಾಡೋ ಟ್ಯೂಬು. ನೀನು ಹೇಳ್ದೆ ಇದ್ರೂ ಮುಖ ಹೇಳ್ತಾ ಇದೆ."

ಅಮ್ಮ ಚೀಲ ಸುರಿದಳು. ಕಡಲೆಹಿಟ್ಟಿನ ಡಬ್ಬಿ, ಅರಿಶಿನದ ಪೊಟ್ಟಣ, ಅರ್ಧ ಹಿಂಡಿದ ಒಂದು ಟ್ಯೂಬು. ಡಾಕ್ಟ್ರಮ್ಮ ಟ್ಯೂಬನ್ನು ಮಾತ್ರ ಎತ್ತಿಕೊಂಡರು.

"ಇದು ಯಾರ ಕಡೆಯಿಂದ?"

"ನಮ್ಮ ಓನರಮ್ಮ ಕೊಟ್ಟಿದ್ದು ಮೇಡಂ, ವಠಾರದ ಓನರ್ರು," ಅಂದಳು ಅಮ್ಮ. "ಹಬ್ಬಕ್ಕೆ."

"ಹಬ್ಬಕ್ಕಾ? ಯಾವ ಹಬ್ಬಕ್ಕೆ?"

"ವರಮಹಾಲಕ್ಷ್ಮಿಗೆ. ತಾಂಬೂಲದ ಜೊತೆ."

ಡಾಕ್ಟ್ರಮ್ಮ ಟ್ಯೂಬನ್ನೂ ಅಮ್ಮನನ್ನೂ ಬದಲಾಯಿಸಿ ಬದಲಾಯಿಸಿ ನೋಡಿದರು. "ತಾಂಬೂಲದ ಜೊತೆ?"

"ಹೂಂ ಮೇಡಂ. ಎಲೆ ಅಡಿಕೆ, ತೆಂಗಿನಕಾಯಿ, ಬ್ಲೌಸ್ ಪೀಸು, ಇದು. ಎಲ್ರಿಗೂ ಕೊಟ್ರು, ಮುಗಿದಾಗೆಲ್ಲ ಇನ್ನೊಂದು. ಯಾರಿಗೂ ಭೇದ ಮಾಡ್ಲಿಲ್ಲ."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅವರು ನಕ್ಕ ನಗೆಯನ್ನು ನಾನು ಮರೆಯುವುದಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ. ನಮಗೂ ನಗು ಬಂತು, ಯಾಕೆಂದು ತಿಳಿಯದೆ. ಆಮೇಲೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ನಗು ಪೂರ್ತಿ ಬಿಟ್ಟು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ನೋಡಮ್ಮ, ಇದೇನು ವಿಷ ಅಲ್ಲ. ಮುಖದ ಮೇಲೆ ಬಂಗು ಬಂದವರಿಗೆ, ಬಂಗಿನ ಮೇಲೆ ಮಾತ್ರ, ಕೆಲವು ವಾರ ಹಚ್ಚಿ ನಿಲ್ಸಿ ಅಂತ ನಾವೇ ಬರ್ಕೊಡ್ತೀವಿ. ಆಗ ಇದು ಔಷಧಿ. ಇದರೊಳಗೆ ಸ್ಟೆರಾಯ್ಡ್ ಇದೆ. ನೀನು ಬಂಗೇ ಇಲ್ದೆ ಇಡೀ ಮುಖಕ್ಕೆ, ಒಂದು ಹಬ್ಬದಿಂದ ಹೆಚ್ಚುಕಮ್ಮಿ ಇನ್ನೊಂದು ಹಬ್ಬದವರೆಗೂ ಬಳಿದಿದೀಯ. ಚರ್ಮ ಈರುಳ್ಳಿ ಸಿಪ್ಪೆ ಥರ ಆಗಿದೆ."

"ನಿಲ್ಲಿಸಿದ್ರೆ ಸರಿಹೋಗುತ್ತಾ ಮೇಡಂ?"

"ಹೋಗುತ್ತೆ. ಆದ್ರೆ ಮೊದ್ಲು ಇನ್ನೂ ಕೆಡುತ್ತೆ. ಕೆಂಪಗಾಗುತ್ತೆ, ಉರಿಯುತ್ತೆ, ಗುಳ್ಳೆ ಏಳುತ್ತೆ. ಉರಿಗೆ, ಗುಳ್ಳೆಗೆ ನಾನು ಔಷಧಿ ಕೊಡ್ತೀನಿ, ಆದ್ರೂ ತಿಂಗಳುಗಟ್ಟಲೆ ಹಿಡಿಯುತ್ತೆ. ಎಲ್ರೂ ಅಲ್ಲಿ ಹೆದರಿ ವಾಪಸ್ ಹಚ್ಕೊಂಡು ಸಿಕ್ಕಿಹಾಕ್ಕೊಳ್ಳೋದು. ಚರ್ಮಕ್ಕೆ ಅವಸರ ಇಲ್ಲಮ್ಮ, ಅವಸರ ನಮಗೆ."

ನಾನು ಅಳತೊಡಗಿದೆ. ಪದವಿ ಪ್ರದಾನ ಮುಂದಿನ ತಿಂಗಳು. ಅಮ್ಮನೇ ಹೇಳಿದಳು: "ಇವಳಪ್ಪ ಗೋಡೆಗೆ ಮೊಳೆ ಹೊಡೆದಿಟ್ಟಿದ್ದಾರೆ ಮೇಡಂ." ಬೇರೆ ಯಾವ ಡಾಕ್ಟರಾದರೂ ಆ ಮಾತನ್ನು ದಾಟಿಕೊಂಡು ಹೋಗುತ್ತಿದ್ದರು. ಇವರು, "ಮೊಳೆನಾ? ಯಾವ ಮೊಳೆ?" ಎಂದು ಕೇಳಿ, ಕ್ಯಾಲೆಂಡರಿನ ಜಗಳದವರೆಗೂ ಎಲ್ಲ ಕೇಳಿಸಿಕೊಂಡರು. ಕೊನೆಗೆ ಅಮ್ಮನ ಕಡೆ ತಿರುಗಿದರು. "ಹಂಚಿದ್ರಲ್ಲ ಆ ಮಹಾಲಕ್ಷ್ಮಿ, ಅವರನ್ನ ಕರ್ಕೊಂಡು ಬನ್ರೀ."

ರೀ ಬಂದಿತ್ತು. ಆದರೆ ಮನೆ ಓನರನ್ನು ಕರೆದುಕೊಂಡು ಬರುವುದೆಂದರೆ ಹೇಗೆ? ನಾವಿದ್ದ ಜಾಗ ಒಂದು ಕಾಲಕ್ಕೆ ಓನರಮ್ಮನ ಮಾವನ ರಾಗಿ ಹೊಲ. ಆಕೆ ಎದುರಿಗೆ ಬಂದರೆ ಅಮ್ಮ ಈಗಲೂ ಸೆರಗು ಸರಿಮಾಡಿಕೊಳ್ಳುತ್ತಾಳೆ. ಒಳ್ಳೆಯ ಹೆಂಗಸು, ಕೊಡುಗೈ, ಆದರೆ ತಪ್ಪು ಎಂದು ಹೇಳಿಸಿಕೊಂಡು ಅಭ್ಯಾಸವಿಲ್ಲ. ಅಮ್ಮ ಒಂದು ಉಪಾಯ ಮಾಡಿದಳು. "ಡಾಕ್ಟ್ರು ನಿಮ್ಮ ಮುಖದ ಕಳೆ ಬಗ್ಗೆ ಕೇಳಿ, ಒಂದ್ಸಲ ನೋಡ್ಬೇಕು ಅಂದ್ರು," ಎಂದಳು. ಓನರಮ್ಮ ರೇಷ್ಮೆ ಸೀರೆ ಉಟ್ಟು, ಬಾಳೆಹಣ್ಣಿನ ಚಿಪ್ಪು ಹಿಡಿದು, ನಮ್ಮನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದರು.

ಡಾಕ್ಟ್ರಮ್ಮ ಮಾತು ಶುರುಮಾಡುವ ಮೊದಲೇ ಆಕೆ ಶುರುಮಾಡಿದರು. "ಏನ್ ಮೇಡಂ, ಗುರುತು ಸಿಗ್ಲಿಲ್ವಾ? ಬಂಗಿಗೆ ಅಂತ ನಿಮ್ಮ ಹತ್ರಾನೇ ಅಲ್ವಾ ನಾನು ಬಂದಿದ್ದು! ಈ ಟ್ಯೂಬ್ ಕೊಟ್ಟಿದ್ದು ನೀವೇ!"

ಲೋಟ ಹಿಡಿದಿದ್ದ ಕೈ ಹಾಗೇ ನಿಂತಿತು. "ನಾನಾ?"

"ನೀವೇ. ಎಂಥ ಕೈಗುಣ ನಿಮ್ಮದು! ಬಂಗು ಮಾಯ."

"ಎಷ್ಟು ದಿನ ಹಚ್ಚಿ ಅಂದಿದ್ದೆ?"

"ಅದೇನೋ ಹೇಳಿದ್ರಿ ಅವಸರದಲ್ಲಿ. ಒಳ್ಳೇದಾಯ್ತಲ್ಲ, ಒಳ್ಳೇದನ್ನ ಯಾಕೆ ಬಿಡ್ಬೇಕು ಅಂತ ಹಚ್ತಾನೇ ಇದ್ದೆ. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಏನು ಹಚ್ತೀರಾ, ಏನು ಹಚ್ತೀರಾ ಅಂತ ಕೇಳೋರು. ಒಬ್ಳೇ ಮುಚ್ಚಿಟ್ಕೊಂಡ್ರೆ ಪಾಪ ಸುತ್ಕೊಳ್ಳಲ್ವಾ ಮೇಡಂ? ಮೆಡಿಕಲ್ಸ್‌ನವರು ಒಂದು ಬಾಕ್ಸೇ ತರಿಸ್ಕೊಟ್ರು."

ಈಗ ಬೈಗುಳ ಬೀಳುತ್ತದೆ ಎಂದು ಅಮ್ಮ ನನ್ನ ಕೈ ಹಿಡಿದುಕೊಂಡಳು. ಡಾಕ್ಟ್ರಮ್ಮ ಲೋಟ ಕೆಳಗಿಟ್ಟರು. "ಕುಲಗೋತ್ರ ಕೇಳ್ತಾ ಕೇಳ್ತಾ ನಮ್ಮ ಮನೆ ಬಾಗಿಲಿಗೇ ಬಂತಲ್ರೀ!" ಎಂದರು. ಆಮೇಲೆ ನನ್ನ ಕಡೆ ತಿರುಗಿ, ಆಕೆಯ ಎದುರಿಗೇ, "ನೋಡಮ್ಮ, ಇವರದ್ದು ಒಳ್ಳೆ ಮನಸ್ಸು. ಎಲ್ಲಿಗೆ ನಿಲ್ಲಿಸ್ಬೇಕು ಅನ್ನೋದನ್ನ ಮನಸ್ಸಿಗೆ ನಾಟೋ ಹಾಗೆ ಹೇಳ್ಬೇಕಿತ್ತು, ನಾನು ಹೇಳ್ಲಿಲ್ಲ. ಈ ಮುಖ ನನ್ನ ಜವಾಬ್ದಾರಿ," ಎಂದರು.

ಅಷ್ಟು ಓದಿದವರು, ಅಷ್ಟು ಹೆಸರಿದ್ದವರು, ಗಾರ್ಮೆಂಟ್ಸ್ ಕೆಲಸದವಳ ಮಗಳ ಮುಂದೆ ಹಾಗೆ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಎಲ್ಲೂ ನೋಡಿರಲಿಲ್ಲ. ಕಾಲೇಜಿನಲ್ಲಂತೂ ನೋಡಿರಲಿಲ್ಲ.

ಅವತ್ತಿನಿಂದ ಒಂದು ಹೊಸ ಕಾನೂನು ಬಂತು. ಚೀಟಿಯ ಕೆಳಗೆ ದಪ್ಪ ಅಕ್ಷರದ ಕನ್ನಡದಲ್ಲಿ ಎಲ್ಲಿಗೆ ಹಚ್ಚಬೇಕು, ಯಾವಾಗ ನಿಲ್ಲಿಸಬೇಕು, ಯಾರಿಗೂ ಕೊಡಬಾರದು ಎಂದು ಬರೆದು, ಅದನ್ನು ಪೇಷೆಂಟಿನ ಬಾಯಲ್ಲಿ ಗಟ್ಟಿಯಾಗಿ ಓದಿಸುವುದು. ಓದಲು ಬಾರದವರಿಗೆ ತಾವು ಹೇಳಿಕೊಟ್ಟು ಒಪ್ಪಿಸಿಕೊಳ್ಳುವುದು. ಮೊದಲ ವಾರ ಹೊರಗೆ ಕೂತ ನಮಗೆಲ್ಲ ಪ್ರೈಮರಿ ಸ್ಕೂಲಿನ ಪಕ್ಕ ಕೂತ ಹಾಗಾಗಿತ್ತು. ಒಬ್ಬರು ರಿಟೈರ್ಡ್ ಆಫೀಸರು, ಭಾಷಣ ಮಾಡಿ ಪಳಗಿದ ದನಿ, "ತೊಡೆಸಂದಿಗೆ ಮಾತ್ರ! ಬೆಳಗ್ಗೆ ಮತ್ತು ಸಂಜೆ!" ಎಂದು ಓದಿದ್ದು ಕೆಳಗಿನ ಬೇಕರಿಯವರೆಗೂ ಕೇಳಿಸಿತು. ಆಮೇಲಿಂದ ಓದಿಸುವಾಗ ಬಾಗಿಲು ಹಾಕಿಸಿದರು.

ನನ್ನ ಮುಖ ಮಾತ್ರ ಅವರು ಹೇಳಿದ ಹಾಗೇ ಮೊದಲು ಇನ್ನೂ ಕೆಟ್ಟಿತು. ಟೊಮೇಟೊ ಎಂದರೆ ಟೊಮೇಟೊಗೆ ಅವಮಾನ. ಅವರು ಕೊಟ್ಟ ಮಾತ್ರೆ ನುಂಗುತ್ತ, ಮೆತ್ತಗಿನ ಕ್ರೀಮ್ ಹಚ್ಚುತ್ತ ಒಳಗೇ ಕೂತೆ. ಪದವಿ ಪ್ರದಾನಕ್ಕೆ ಹೋಗುವುದೇ ಬೇಡ ಎನಿಸಿಬಿಟ್ಟಿತ್ತು. ಹಿಂದಿನ ದಿನ ಬೆಳಗ್ಗೆ ಓನರಮ್ಮ ಬಾಗಿಲಿಗೆ ಬಂದು, ಸೆರಗಿನ ಮರೆಯಿಂದ ಒಂದು ಟ್ಯೂಬು ತೆಗೆದು ನನ್ನ ಕೈಗೆ ಒತ್ತಿದರು. ಪಾಪ, ಅವರ ಮುಖವೂ ಕೆಂಪಾಗಿತ್ತು, ಅವರೂ ಬಿಟ್ಟಿದ್ದರಲ್ಲ.

"ಬಾಕ್ಸಲ್ಲಿ ಇದೊಂದು ಉಳಿದಿತ್ತು ಕಣೇ. ಇವತ್ತು ನಾಳೆ ಎರಡೇ ದಿನ ಹಚ್ಕೋ. ಫೋಟೋ ಆಗ್ಲಿ. ನಿಮ್ಮಪ್ಪನ ಮುಖ ನೋಡೋಕಾಗಲ್ಲ ನಂಗೆ. ಡಾಕ್ಟ್ರಿಗೆ ಯಾರು ಹೇಳ್ತಾರೆ?"

ಟ್ಯೂಬು ಹಿಡಿದುಕೊಂಡು ಮೊಳೆ ನೋಡುತ್ತ ಕೂತೆ. ಕೊನೆಗೆ ದುಪಟ್ಟಾ ಸುತ್ತಿಕೊಂಡು, ಅದೇ ಟ್ಯೂಬು ಹಿಡಿದುಕೊಂಡು ಕ್ಲಿನಿಕ್ಕಿಗೇ ಹೋದೆ. "ಎರಡೇ ದಿನ ಮೇಡಂ. ಹಚ್ಲಾ?"

ಬೇಡ ಎಂದು ಕೂಗುತ್ತಾರೆ ಎಂದುಕೊಂಡಿದ್ದೆ. ಕೂಗಲಿಲ್ಲ. "ಹಚ್ಚಿದ್ರೆ ಉರಿ ಕಮ್ಮಿ ಆಗುತ್ತೆ, ಕೆಂಪೂ ಸ್ವಲ್ಪ ಇಳಿಯುತ್ತೆ, ಸುಳ್ಳು ಹೇಳಲ್ಲ. ಆಮೇಲೆ ಇಷ್ಟು ದಿನ ಪಟ್ಟ ಪಾಡೆಲ್ಲ ಮೊದಲಿಂದ. ಹಚ್ಕೊಳ್ಳೋದು ನೀನು, ತೀರ್ಮಾನ ನಿಂದು," ಎಂದರು. ಎದ್ದು ಕೈ ತೊಳೆದು, ಲೋಟ ಹಿಡಿದು, ಉರಿಯುತ್ತಿದ್ದ ನನ್ನ ಕೆನ್ನೆಯ ಮೇಲೆ ಅಂಗೈ ಇಟ್ಟರು. "ಒಂದು ಕೇಳ್ತೀನಿ. ಮೂರು ವರ್ಷ ಆ ಮೊಳೆಗೆ ಕ್ಯಾಲೆಂಡರೂ ಹಾಕೋಕೆ ಬಿಡ್ಲಿಲ್ವಲ್ಲ ನಿಮ್ಮಪ್ಪ, ಯಾರಿಗೆ ಕಾಯ್ತಾ ಇದ್ರು? ನಿನಗೋ, ಈ ಟ್ಯೂಬಿಗೋ?"

ಟ್ಯೂಬನ್ನು ಅವರ ಮೇಜಿನ ಮೇಲೆ ಇಟ್ಟೆ. ಅವರು ಶಾಭಾಸ್ ಗೀಭಾಸ್ ಏನೂ ಅನ್ನದೆ ಅದನ್ನು ಕಸದ ಬುಟ್ಟಿಗೆ ಹಾಕಿ, ಬಾಗಿಲ ಹಿಂದಿನಿಂದ ತಮ್ಮ ದೊಡ್ಡ ಕಪ್ಪು ಕೊಡೆ ತಂದರು. "ನಾಳೆ ಬಯಲಲ್ಲಿ ನಿಲ್ಲಿಸ್ತಾರೆ. ಈ ಚರ್ಮ ಬಿಸಿಲು ತಡೆಯಲ್ಲ. ವಾಪಸ್ ತಂದ್ಕೊಡು, ನನ್ನ ಹತ್ರ ಇರೋದು ಇದೊಂದೇ."

ಮರುದಿನ ಗೌನು, ಟೋಪಿ, ಕೆಂಪು ಮುಖ, ಗಂಡಸರ ಕೊಡೆ. ಸಾಲಿನಲ್ಲಿ ನಿಂತಾಗ ಹಿಂದಿನಿಂದ ಒಬ್ಬ ಹುಡುಗ, "ಏನ್ ಮಗಾ, ಇವತ್ತು ಮಳೆ ಇದೆಯಾ?" ಎಂದ. ಇನ್ನೊಬ್ಬ, "ಮಾರ್ಕ್ಸ್ ಮಳೆ ಬಿದ್ದಿದ್ಯಲ್ಲ ಗುರು, ಅವಳಿಗೆ," ಎಂದ. ನನಗೇ ನಗು ಬಂತು. ನಕ್ಕರೆ ಕೆನ್ನೆ ಎಳೆಯುತ್ತಿತ್ತು, ಆದರೂ ನಕ್ಕೆ. ವೇದಿಕೆ ಇಳಿದ ಮೇಲೆ ಫೋಟೋದವನು ಕೊಡೆ ಪಕ್ಕಕ್ಕೆ ಇಡಿ ಮೇಡಂ ಎಂದ. ಇನ್ನೊಬ್ಬರ ಕೊಡೆ, ಕಳೆದುಹೋದರೆ ಯಾರು ಜವಾಬ್ದಾರಿ? ಕೈಗೇ ನೇತುಹಾಕಿಕೊಂಡು ನಿಂತೆ.

ಫೋಟೋ ತರಲು ಅಪ್ಪನೇ ಹೋದರು. ಸ್ಟುಡಿಯೋದವನು ತನ್ನ ಪ್ರೀತಿಗೆ ಕಂಪ್ಯೂಟರಿನಲ್ಲಿ ಗುಳ್ಳೆಯೆಲ್ಲ ಒರೆಸಿ, ಮುಖವನ್ನು ಮೈದಾಹಿಟ್ಟು ಮಾಡಿ, ಕೊಡೆಯನ್ನೂ ಅಳಿಸಿಟ್ಟಿದ್ದನಂತೆ. ಅಪ್ಪ ತುಂಬ ಹೊತ್ತು ನೋಡಿ, "ಈ ಮಗು ಯಾರ್ದೋ ಚೆನ್ನಾಗಿದೆ ಸಾರ್. ನಮ್ಮ ಹುಡುಗಿದು ಕೊಡಿ," ಎಂದರಂತೆ. ಅವನು ಎಷ್ಟು ಹೇಳಿದರೂ ಒಪ್ಪದೆ, ಒರೆಸದ ಫೋಟೋ ಹಾಕಿಸಿಕೊಂಡು ಬಂದು, ಕೈಕಾಲು ತೊಳೆದು, ಮೊಳೆಗೆ ನೇತುಹಾಕಿದರು. ಸ್ವಲ್ಪ ವಾರೆಯಾಗಿತ್ತು. ಸರಿಮಾಡಿದರು. ಮತ್ತೆ ದೂರ ನಿಂತು ನೋಡಿ, ಮತ್ತೆ ಸರಿಮಾಡಿದರು.

ಕೊಡೆ ಹಿಂದಿರುಗಿಸುವಾಗ ಅದೇ ಫೋಟೋದ ಒಂದು ಪ್ರತಿ ಡಾಕ್ಟ್ರಮ್ಮನಿಗೆ ಕೊಟ್ಟೆ. ಕೊಡೆಯನ್ನು ಬಿಡಿಸಿ ಕಡ್ಡಿಯೆಲ್ಲ ನೆಟ್ಟಗಿದೆಯೇ ಎಂದು ಮೊದಲು ನೋಡಿದರು, ಫೋಟೋ ಆಮೇಲೆ. "ಇದನ್ನ ಇಲ್ಲಿ ಗೋಡೆಗೆ ಹಾಕ್ಲಾ? ಬೇಡ ಅಂದ್ರೆ ಬೇಡ," ಎಂದರು. ಹಾಕಿ ಮೇಡಂ ಎಂದೆ.

ಆ ಸಲದ ವರಮಹಾಲಕ್ಷ್ಮಿಗೆ ಓನರಮ್ಮ ಡಾಕ್ಟ್ರಮ್ಮನನ್ನೇ ಅರಿಶಿನ ಕುಂಕುಮಕ್ಕೆ ಕರೆದರು. ಅವರು ಸ್ಪೋರ್ಟ್ಸ್ ಶೂ ಬಾಗಿಲಲ್ಲಿ ಬಿಟ್ಟು ಬಂದು, ಕೋಸಂಬರಿ ತಿನ್ನುತ್ತ, ವಠಾರದ ಅಷ್ಟೂ ಹೆಂಗಸರ ಕೆನ್ನೆ ಮುಟ್ಟಿ ನೋಡಿದರು. ಯಾರು ನಿಲ್ಲಿಸಬೇಕು, ಯಾರು ಕ್ಲಿನಿಕ್ಕಿಗೆ ಬರಬೇಕು ಎಂದು ಅಲ್ಲೇ ಹೇಳಿದರು. ಬಂಗಿಗೆ ಬಿಸಿಲೇ ದೊಡ್ಡ ಶತ್ರು ಎಂದೂ ಹೇಳಿದರು. ಓನರಮ್ಮನಿಗೆ ಅದು ಮೊದಲೇ ತಿಳಿದಿತ್ತೋ ಏನೋ, ಕೊಡುವುದರಲ್ಲಿ ಹಿಂದೆ ಬೀಳುವವರಲ್ಲ. ತಾಂಬೂಲದ ಜೊತೆ ಎಲ್ಲರಿಗೂ ಒಂದೊಂದು ಕೊಡೆ! ಒಂದೇ ಅಂಗಡಿಯಿಂದ ತಂದದ್ದು, ಎಲ್ಲವೂ ಕೆಂಪು. ಬೆಳಗ್ಗೆ ನಮ್ಮ ಬೀದಿಯಿಂದ ಗಾರ್ಮೆಂಟ್ಸಿಗೆ ಹೊರಡುವ ಹೆಂಗಸರ ಸಾಲು ಆ ವರ್ಷವೆಲ್ಲ ದಾಸವಾಳದ ಬೇಲಿ ಎದ್ದು ನಡೆದ ಹಾಗೆ ಕಾಣುತ್ತಿತ್ತು.

ನನ್ನ ಮುಖ ನಿಧಾನವಾಗಿ, ಅದರದೇ ಗತಿಯಲ್ಲಿ, ಸರಿಹೋಯಿತು. ಪೂರ್ತಿ ಅಲ್ಲ. ಬಿಸಿಲಿಗೆ ಕೆನ್ನೆ ಈಗಲೂ ಬೇಗ ಕೆಂಪಾಗುತ್ತದೆ. ಈಗ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನನ್ನ ಮೇಜಿನ ಮೇಲಿನ ಹೆಸರಿನ ಫಲಕದಲ್ಲಿ ಬಿ.ಕಾಂ. ಎಂದು ಬರೆಸಿದ್ದೇನೆ. ಯಾರು ಹಾಗೆಲ್ಲ ಬರೆಸುತ್ತಾರೆ ಎಂದು ನಗುವವರಿದ್ದಾರೆ. ಅವರ ಮನೆಯಲ್ಲಿ ಅಜ್ಜನೂ ಓದಿರುತ್ತಾನೆ.

ಕ್ಲಿನಿಕ್ ಖಾಲಿ ಮಾಡುವ ದಿನ ಸಾಮಾನು ಇಳಿಸಲು ನಾನೂ ಹೋಗಿದ್ದೆ. ಜಾಗ ತೆಗೆದುಕೊಂಡ ಹೊಸ ಡಾಕ್ಟರು ಚುರುಕಾದ ಹುಡುಗ, ಒಳ್ಳೆಯವನೇ. ಆಗಲೇ ಗೋಡೆ ಅಳೆಯುತ್ತಿದ್ದ. ಒಂದು ಕಡೆ ಮೊಡವೆ ಮುಖ, ಪಕ್ಕದಲ್ಲಿ ಅದೇ ಮುಖ ನುಣುಪಾಗಿ. ಒಂದು ಕಡೆ ಬೋಳು ತಲೆ, ಪಕ್ಕದಲ್ಲಿ ಕೂದಲು. ಅಂಥ ದೊಡ್ಡ ಪೋಸ್ಟರುಗಳನ್ನು ಹಾಕುವ ಯೋಜನೆ. ಡಾಕ್ಟ್ರಮ್ಮ ಸ್ಟೀಲ್ ಲೋಟವನ್ನು ಸೆರಗಿನಲ್ಲಿ ಒರೆಸಿ ಕೈಚೀಲಕ್ಕೆ ಹಾಕಿಕೊಂಡರು. ಬಾಗಿಲ ಹಿಂದಿನ ಕೊಡೆ ನನ್ನ ಕೈಗೆ ಕೊಟ್ಟರು, ಈ ಸಲ ವಾಪಸ್ ತಂದುಕೊಡು ಎನ್ನಲಿಲ್ಲ. ಕೊನೆಗೆ ಗೋಡೆಯಲ್ಲಿ ಉಳಿದದ್ದು ಒಂದೇ ಫೋಟೋ.

ಹೊಸ ಡಾಕ್ಟರು ಅದರ ಹತ್ತಿರ ಹೋಗಿ ಬಗ್ಗಿ ನೋಡಿದ. ಗೌನು, ಟೋಪಿ, ಮುಖದ ತುಂಬ ಕೆಂಪು ಗುಳ್ಳೆ, ಕೈಯಲ್ಲಿ ಕೊಡೆ, ಕಿವಿಯವರೆಗೆ ನಗು. ಪಕ್ಕದಲ್ಲಿ ಇನ್ನೊಂದು ಇರಬೇಕೆಂದು ಹುಡುಕಿದ. ಇರಲಿಲ್ಲ.

"ಇದು ಬಿಫೋರಾ, ಆಫ್ಟರಾ ಮೇಡಂ?"

ಡಾಕ್ಟ್ರಮ್ಮ ಫೋಟೋವನ್ನು ಮೊಳೆಯಿಂದ ತೆಗೆದು, ಗಾಜಿನ ಮೇಲಿನ ಧೂಳನ್ನು ಬೆಚ್ಚಗಿನ ಅಂಗೈಯಿಂದ ಒರೆಸಿ, ಕಂಕುಳಲ್ಲಿ ಇಟ್ಟುಕೊಂಡರು.

"ಎರಡೂ ಅಲ್ಲಪ್ಪ. ಬಿ.ಕಾಂ., ಫಸ್ಟ್ ಕ್ಲಾಸ್."